ಬೆಂಕಿ ನೋಡೋ ಕೆಲಸ

ರಾಕೆಟ್ಟಿನೊಳಗೆ ಇಂಧನ ಹೇಗೆ ಉರಿಯುತ್ತೆ ಅಂತ ಪರೀಕ್ಷೆ ಮಾಡೋದು ನನ್ನ ಕೆಲಸ. ಇದನ್ನ ಯಾರಿಗೆ ಹೇಳಿದರೂ ಮೊದಲು ನನ್ನ ಮುಖ ನೋಡ್ತಾರೆ, ಆಮೇಲೆ ಕೈಯಲ್ಲಿರೋ ಚೀಲ ನೋಡ್ತಾರೆ. ಇಷ್ಟು ವರ್ಷವಾದರೂ ಇದು ತಪ್ಪಿಲ್ಲ.

ಬಾಡಿಗೆ ಮನೆ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬನಶಂಕರಿಯಲ್ಲಿ ಮನೆ ಹುಡುಕಿದೆ. ಮಾಲೀಕರು ಅದೇ ಜಾಗದಲ್ಲಿ ಹಿಂದೆ ರಾಗಿ ಬೆಳೆದವರು.

"ಏನ್ ಕೆಲ್ಸ?"

"ಬೆಂಕಿ ಹೇಗೆ ಉರಿಯುತ್ತೆ ಅಂತ ನೋಡ್ತೀನಿ ಸಾರ್."

"ಅದ್ನ ನೋಡೋಕೆ ಸಂಬ್ಳ ಕೊಡ್ತಾರಾ?"

ಕೊಡ್ತಾರೆ ಅಂದೆ. ನಂಬಲಿಲ್ಲ. ನನ್ನ ಎರಡೂ ಟ್ರಂಕು ತೆಗೆಸಿ ನೋಡಿದರು. ಒಳಗೆ ಬರೀ ಪುಸ್ತಕ. ಕೊನೆಗೆ ಮನೆ ಕೊಟ್ಟರು. ಕರಾರಿನ ಕೆಳಗೆ ಮಾತ್ರ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದ್ದರು: 'ಬಾಡಿಗೆದಾರರು ಒಲೆ ಬಿಟ್ಟು ಬೇರೆಲ್ಲೂ ಏನನ್ನೂ ಉರಿಸತಕ್ಕದ್ದಲ್ಲ.'

ಹೆಣ್ಣು ಕೊಡೋರು

ಜಯನಗರದ ಒಂದು ಮನೆಯಲ್ಲಿ ಹುಡುಗಿ ಒಪ್ಪಿದಳು. ಅವಳ ತಂದೆ, ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಒಪ್ಪಲಿಲ್ಲ. ನನಗೆ ಕೆಲಸವೇ ಇಲ್ಲ ಅನ್ನೋ ಗುಮಾನಿ. ಒಂದು ದಿನ ಹೇಳದೆ ಕೇಳದೆ ಲ್ಯಾಬಿನ ಗೇಟಿಗೇ ಬಂದರು.

"ಇವತ್ತು ಎಷ್ಟು ಹೊತ್ತು ಕೆಲಸ ಮಾಡಿದ್ರಿ?"

ಅವತ್ತು ಎಂಜಿನ್ ಉರಿಸಿದ್ದೆವು. "ಮೂರು ಸೆಕೆಂಡು ಉರೀತು ಸಾರ್," ಅಂದೆ ಖುಷಿಯಾಗಿ.

"ಅದಕ್ಕೆ ತಯಾರಿ?"

"ನಾಲ್ಕು ತಿಂಗಳು."

ಬೆರಳು ಮಡಚಿ ಲೆಕ್ಕ ಹಾಕಿದರು. ಮದುವೆ ಮುರೀತು ಅಂದುಕೊಂಡೆ. ಆಮೇಲೆ ಕೇಳಿದರು, "ಇದು ಸರ್ಕಾರಿ ಕೆಲಸ ತಾನೆ?"

"ಹೌದು ಸಾರ್."

"ಹಾಗಾದ್ರೆ ಲೆಕ್ಕ ಸರಿಯಾಗೇ ಇದೆ," ಅಂದು ಮುಹೂರ್ತಕ್ಕೆ ಪಂಚಾಂಗ ನೋಡಿಸಿದರು.

ಮೆಟ್ರೊದಲ್ಲಿ

ಹೋದ ವರ್ಷ ಕಾಲೇಜೊಂದರಲ್ಲಿ ಪಾಠ ಮಾಡೋದಿತ್ತು. ರಾಕೆಟ್ಟಿನ ಬಾಲದಲ್ಲಿ ಬೆಂಕಿ ಹೊರಬರೋ ಬಾಯಿ ಇರುತ್ತಲ್ಲ, ಅದರ ಪುಟ್ಟ ಹಿತ್ತಾಳೆ ಮಾದರಿ ನನ್ನ ಚೀಲದಲ್ಲಿತ್ತು. ಮೆಟ್ರೊ ಸ್ಟೇಷನ್ನಿನ ಸೆಕ್ಯುರಿಟಿ ಮೇಡಂ ಅದನ್ನ ಹೊರಗೆ ತೆಗೆದರು.

"ಏನ್ ಸಾರ್ ಇದು?"

ನಿಜ ಹೇಳಿದೆ. "ರಾಕೆಟ್ದು ಮೇಡಂ."

ಸಾಲು ನಿಂತಿತು. ಇನ್ನಿಬ್ಬರು ಸೆಕ್ಯುರಿಟಿಯವರು ಬಂದರು. ಐಡಿ ಕಾರ್ಡ್ ತೋರಿಸಿದೆ. ಅದನ್ನೂ ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಹಿಂದೆ ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಆಂಟಿಗೆ ರೈಲು ತಪ್ಪೋ ಯೋಚನೆ.

"ಅದು ದೇವರ ಮನೆ ಗಂಟೆ ಕಣಮ್ಮ, ಕಾಣ್ಸಲ್ವಾ?"

ಮೇಡಂ ಒಳಗೆ ಇಣುಕಿದರು. "ನಾಲಿಗೆನೇ ಇಲ್ವಲ್ಲ."

"ಅದನ್ನ ಹಾಕ್ಸೋಕೇ ತಗೊಂಡ್ ಹೋಗ್ತಿರೋದು," ಅಂದರು ಆಂಟಿ.

ಮೇಡಂ ನನ್ನ ಮುಖ ನೋಡಿದರು. ನಾನು ಐಡಿ ಕಾರ್ಡ್ ವಾಪಸ್ ತಗೊಂಡು ಜೇಬಿಗೆ ಹಾಕಿಕೊಂಡೆ. ಅವರು ಮೆಲ್ಲಗೆ ಶೂ ಬಿಚ್ಚಿ, ರಾಕೆಟ್ಟಿನ ಬಾಲವನ್ನ ಎರಡೂ ಕಣ್ಣಿಗೊತ್ತಿಕೊಂಡು ವಾಪಸ್ ಕೊಟ್ಟರು.