ಪ್ರಿಂಟರಿನ ಮುಚ್ಚಳ ಎದ್ದ ಮಧ್ಯಾಹ್ನ

ಆ ಬೆಳಿಗ್ಗೆ ಟೀ ಗಾಡಿಯ ಮಿಸೆಸ್ ಕ್ಲೆಗ್ ಡೆಸ್ಮಂಡ್‌ನ ತಟ್ಟೆಯಲ್ಲಿ ಎರಡು ಶುಂಠಿ ಬಿಸ್ಕತ್ತು ಇಟ್ಟರು, ನಾರಿಸ್‌ನ ತಟ್ಟೆಯಲ್ಲಿ ಒಂದು. ಅದೂ ಅಂಚು ಮುರಿದದ್ದು.

"ನನಗೆ ಒಂದೇನಾ, ಮಿಸೆಸ್ ಕ್ಲೆಗ್?"

"ಅವನಿನ್ನೂ ಬೆಳೆಯೋ ಹುಡುಗ ಕಣಪ್ಪಾ."

"ಅವನಿಗೆ ಇಪ್ಪತ್ತೇಳು ವರ್ಷ!"

"ಅಯ್ಯೋ, ಅದನ್ನೂ ಎಣಿಸಿಟ್ಟಿದೀಯಾ?" ಎಂದು ಅವರು ಗಾಡಿ ತಳ್ಳಿಕೊಂಡು ಹೊರಟೇಬಿಟ್ಟರು.

ಹ್ಯಾಲಿಫ್ಯಾಕ್ಸ್‌ನ ಆ ಜಮಖಾನೆ ಗಿರಣಿಗೆ ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಒಂದು ಇಡೀ ಕೋಣೆಯನ್ನು ತುಂಬಿಕೊಂಡು, ಗಾಜಿನ ಗೋಡೆಯ ಹಿಂದೆ ಅದು ಮದುಮಗಳಂತೆ ಕೂತಿರುತ್ತಿತ್ತು. ಅದನ್ನು ನಡೆಸಲೆಂದು ನಾರಿಸ್ ಎರಡು ಚಳಿಗಾಲ ಮಂಜಿನಲ್ಲಿ ಸೈಕಲ್ ತುಳಿದು ಸಂಜೆ ತರಗತಿಗೆ ಹೋಗಿದ್ದ. ಬಿಳಿ ಕೋಟನ್ನು ದಿನವೂ ತಾನೇ ಇಸ್ತ್ರಿ ಮಾಡುತ್ತಿದ್ದ. ಡೆಸ್ಮಂಡ್ ಬಣ್ಣ ಹಾಕುವ ಶೆಡ್ಡಿನಿಂದ ನೇರವಾಗಿ ಬಂದವನು. ಯಂತ್ರ ಮುನಿಸಿಕೊಂಡರೆ ಕುದುರೆಯ ಬೆನ್ನು ತಟ್ಟಿದಂತೆ ಅದರ ಮಗ್ಗುಲಿಗೆ ಎರಡು ತಟ್ಟುತ್ತಿದ್ದ, ಅದು ಓಡುತ್ತಿತ್ತು. ನಾರಿಸ್ ಪುಸ್ತಕದಲ್ಲಿದ್ದಂತೆಯೇ ಗುಂಡಿ ಒತ್ತಿದರೂ ಕೆಂಪು ದೀಪ ಹತ್ತುತ್ತಿತ್ತು. ಗಾಜಿನಾಚೆ ನಿಲ್ಲುವ ಹುಡುಗಿಯರು ಯಾರನ್ನು ನೋಡಲು ಬರುತ್ತಿದ್ದರು ಎಂದು ಬೇರೆ ಹೇಳಬೇಕಿಲ್ಲ.

ಆ ಮಧ್ಯಾಹ್ನ ಗಿರಣಿಯ ಯಜಮಾನರಾದ ಆಕ್ರಾಯ್ಡ್ ಸಾಹೇಬರು ಯಂತ್ರ ನೋಡಲು ಬರುವವರಿದ್ದರು. ಇಬ್ಬರಲ್ಲಿ ಮುಖ್ಯ ಆಪರೇಟರ್ ಯಾರೆಂದು ಅಲ್ಲೇ ಹೇಳುವುದಿತ್ತು. ನಾರಿಸ್‌ನೇ ಎಂದು ಅವನ ಹೆಂಡತಿ ಎಡ್ನಾ ಆಗಲೇ ಇಡೀ ಬೀದಿಗೆ ಹೇಳಿ ಮುಗಿಸಿದ್ದಳು.

ಕೋಣೆಯ ಮೇಲ್ವಿಚಾರಕ ಹೋಲ್ರಾಯ್ಡ್ ಬಂದು, "ಡೆಸ್ಮಂಡ್, ಸಾಹೇಬರಿಗೆ ಎಲ್ಲಾ ನೀನೇ ತೋರಿಸು. ನಾರಿಸ್, ನೀನು ಬಾಗಿಲು ತೆಗಿ," ಎಂದ.

ನಾರಿಸ್‌ನ ಕಣ್ಣು ಪ್ರಿಂಟರಿನ ಮೇಲೆ ಹೋಯಿತು.

ಪ್ರಿಂಟರಿಗೊಂದು ಚಾಳಿಯಿತ್ತು. ಕಾಗದ ಮುಗಿದರೆ ಅದರ ಅಗಲ ಮುಚ್ಚಳ ಯಾರನ್ನೂ ಕೇಳದೆ ತಾನಾಗಿ ಮೇಲೇಳುತ್ತಿತ್ತು. ಆಪರೇಟರುಗಳು ಅದರ ಮೇಲೆ ಒಂದು ಪೆನ್ಸಿಲನ್ನೂ ಇಡುತ್ತಿರಲಿಲ್ಲ. ಆದರೆ ಡೆಸ್ಮಂಡ್ ಮಾತಿಗೆ ನಿಂತರೆ ಮೊಣಕೈ ಊರುವುದು ಅಲ್ಲೇ. ಅಂದು ಕಾಗದ ತುಂಬುವ ಸರದಿಯೂ ಅವನದೇ. ಅವನು ತಲೆ ಬಾಚಲು ಹೋದಾಗ ನಾರಿಸ್ ಕಾಗದದ ಕಟ್ಟಿನಲ್ಲಿ ತುಸುವೇ ಉಳಿಸಿ, ಮಿಕ್ಕಿದ್ದನ್ನು ಉಗ್ರಾಣದ ರಾಶಿಗೆ ಸೇರಿಸಿದ. ಭಾಷಣದ ನಡುವೆ ಡೆಸ್ಮಂಡ್ ಒಮ್ಮೆ ಮುಗ್ಗರಿಸಿದರೆ ಸಾಕು, ಕೊಲೆಯೇನಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ.

ಸಾಹೇಬರು ಬಂದರು. ಪ್ರಿಂಟರ್ ಗಡಗಡ ಅಚ್ಚು ಹಾಕತೊಡಗಿತು. ಆದರೆ ಡೆಸ್ಮಂಡ್ ಕೋಣೆಯ ಆಚೆ ತುದಿಯಲ್ಲಿ ಯಂತ್ರದ ಟೇಪು ಸುರುಳಿ ತಿರುಗಿಸಿ ತೋರಿಸುತ್ತ ನಿಂತುಬಿಟ್ಟ. ಮೊಣಕೈ ಊರಿದವರು ಸಾಹೇಬರು! ಟೋಪಿಯನ್ನೂ ಮುಚ್ಚಳದ ಮೇಲೇ ಇಟ್ಟರು. ಅಷ್ಟರಲ್ಲಿ, ದಿನವೂ ಗಾಜಿನ ಬಾಗಿಲಾಚೆಯೇ ಟೀ ಕೊಡುತ್ತಿದ್ದು, ಅಂದು ಮೊದಲ ಸಲ ಒಳಗೆ ಕಾಲಿಟ್ಟ ಮಿಸೆಸ್ ಕ್ಲೆಗ್ "ಒಳ್ಳೇ ಮೇಜು ಇದು" ಎಂದು ಟೀ ಕೆಟಲು, ಹಾಲು, ಕಸ್ಟರ್ಡ್ ಕಡುಬು ಇದ್ದ ತಟ್ಟೆಯನ್ನು ಟೋಪಿಯ ಪಕ್ಕದಲ್ಲೇ ಇಟ್ಟರು.

"ಸಾರ್, ಸ್ವಲ್ಪ ಈ ಕಡೆ ಬನ್ನಿ," ನಾರಿಸ್ ಬೆವರುತ್ತ ಕರೆದ.

"ಯಾಕಪ್ಪಾ? ಇಲ್ಲಿಂದ ಚೆನ್ನಾಗಿ ಕಾಣತ್ತಲ್ಲ."

"ಅಲ್ಲಿ... ಗಾಳಿ ಜಾಸ್ತಿ ಸಾರ್."

"ಗಾಳಿ ಒಳ್ಳೇದೇ."

ಯಂತ್ರ ನಿಲ್ಲಿಸುವ ಗುಂಡಿ ಸಾಹೇಬರ ಹೊಟ್ಟೆಯ ಹಿಂದಿತ್ತು. ಕಾಗದ ಮುಗಿಯುತ್ತಿದೆ ಎಂದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಕೊನೆಯ ಹಾಳೆ ಸರ್ರನೆ ಒಳಗೆ ಹೋದದ್ದೇ ನಾರಿಸ್ ಮುಚ್ಚಳದ ಮೇಲೆ ಬೋರಲು ಬಿದ್ದು ಅವುಚಿಕೊಂಡ. ಮುಚ್ಚಳ, ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡಂತೆ, ಅವನನ್ನೂ ಎತ್ತಿಕೊಂಡು ನಿಧಾನವಾಗಿ ಎದ್ದಿತು. ಟೀ ಸಾಹೇಬರ ಪ್ಯಾಂಟಿಗೆ ಹರಿಯಿತು. ಕಡುಬು ಟೋಪಿಯೊಳಗೆ ಹೋಗಿ ಕೂತಿತು.

"ಕಾಗದ ಹಾಕಿದ್ದು ಯಾರು?" ಹೋಲ್ರಾಯ್ಡ್ ಕಿರುಚಿದ.

ಡೆಸ್ಮಂಡ್ ಮುಂದೆ ಬಂದ. "ನಾನೇ ಸಾರ್. ತುಂಬಿಸಿದ್ದೆ ಅಂತಲೇ ನೆನಪು. ಎಲ್ಲೋ ಎಡವಟ್ಟಾಗಿದೆ. ತಪ್ಪು ನಂದೇ."

ಸಾಹೇಬರು ಟೋಪಿಯಿಂದ ಕಸ್ಟರ್ಡ್ ಬಳಿದು ತೆಗೆದರು. ಬೆರಳು ನೆಕ್ಕಿದರು. "ಇಷ್ಟು ವರ್ಷ ಗಿರಣಿ ನಡೆಸಿದೀನಿ. 'ತಪ್ಪು ನಂದು' ಅಂತ ಒಬ್ಬನೂ ನನ್ನ ಮುಖ ನೋಡಿ ಹೇಳಿಲ್ಲ. ಹೋಲ್ರಾಯ್ಡ್, ಇವನೇ ಮುಖ್ಯ ಆಪರೇಟರ್."

ಮುಚ್ಚಳದಿಂದ ಜಾರಿ ಬಿದ್ದ ನಾರಿಸ್‌ಗೆ ತಡೆಯಲಾಗಲಿಲ್ಲ. "ಸುಳ್ಳು ಸಾರ್! ಕಾಗದ ತೆಗೆದದ್ದು ನಾನು! ತಪ್ಪು ನಂದು!"

ಮಿಸೆಸ್ ಕ್ಲೆಗ್ ಸೊಂಟದ ಮೇಲೆ ಕೈಯಿಟ್ಟರು.

"ಬೆಳಿಗ್ಗೆ ಅವನ ಬಿಸ್ಕತ್ತಿಗೆ ಕಣ್ಣು ಹಾಕಿದೆ. ಈಗ ಅವನು ಮಾಡಿದ ತಪ್ಪೂ ನಿನಗೇ ಬೇಕಾ?"

ಸಾಹೇಬರೂ ಸೇರಿ ಎಲ್ಲರೂ ನಕ್ಕರು. ಡೆಸ್ಮಂಡ್ ಮಾತ್ರ ನಗಲಿಲ್ಲ. ಹತ್ತಿರ ಬಂದು, ಕೋಟಿನ ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ನಾರಿಸ್‌ನ ಅಂಗೈಯಲ್ಲಿಟ್ಟ.

"ಬೆಳಿಗ್ಗೆನೇ ನಿನಗೆ ಅಂತ ಎತ್ತಿಟ್ಟಿದ್ದೆ ಕಣೋ," ಎಂದ.

ಅದರ ಅಂಚು ಒಂದು ಚೂರೂ ಮುರಿದಿರಲಿಲ್ಲ.