ಡಬ್ಬಿಯೊಳಗ ಏನೈತಿ ನೋಡು

ಆಗ ನನಗೆ ಐವತ್ತೆಂಟು ವರ್ಷ, ಅದಾಗಿ ಈಗ ಹತ್ತು ವರ್ಷ. ಯಾರಾದರೂ ‘ಜ್ವಾಕಿ’ ಎಂದು ಎಚ್ಚರಿಸಿದರೆ ‘ಆತು ಆತು’ ಅಂದು ಮುಂದಕ್ಕೆ ಹೋಗುವುದು ನನ್ನ ಹುಟ್ಟುಗುಣ. ಕಿವಿ ಚೊಲೋ ಇವೆ, ಕೇಳುವ ಬುದ್ಧಿ ಇಲ್ಲ. ಅದೇ ಗುಣ ಮಗಳು ಶಾಂತಾಳಿಗೂ ಇಳಿದಿದೆ ಎಂದು ನನಗೆ ತೋರಿಸಿಕೊಟ್ಟದ್ದು ಒಂದು ಯಂತ್ರ.

ಗುಡಗೇರಿಯ ಮೆಣಸಿನಕಾಯಿ ಸೊಸೈಟಿಯವರು ಕಂಪ್ಯೂಟರ್ ತಂದಿದ್ದರು. ಚೀಲಗಳ ತೂಕ ಕೂಡಿಸಿ ಹೇಳುವಂತೆ ಅದಕ್ಕೆ ಕಲಿಸುವ ಕೆಲಸ ಹುಬ್ಬಳ್ಳಿಯಲ್ಲಿ ಕಲಿತು ಬಂದ ಶಾಂತಾಳದು. ಅಂದು ಸಂಜೆಯೊಳಗೆ ಸರಿ ಲೆಕ್ಕ ಬಂದರೆ ನೌಕರಿ ಕಾಯಂ, ಬಾರದಿದ್ದರೆ ಮನೆಗೆ ನಡಿ ಎಂದಿದ್ದ ಸೆಕ್ರೆಟರಿ. ಮಗಳಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೆಲ್ಲದ ಗೋಧಿ ಹುಗ್ಗಿಯಾದರೂ ಇಳಿದೀತು ಎಂದು ಮಾಡಿ, ಬಾಜು ಮನೆ ಚನ್ನವ್ವ ಆಗಷ್ಟೇ ತಿರುಗಿ ತಂದಿಟ್ಟು ಹೋಗಿದ್ದ ನನ್ನ ಡಬ್ಬಿಗೆ ಸುರುವಿದೆ. ಗ್ವಾಡಿಯಾಚೆಯಿಂದ ಆಕೆ, “ಯಕ್ಕಾ, ಡಬ್ಬಿ ಒಳಗ ನೋಡ ಬೇ!” ಎಂದು ಒದರಿದಳು. “ಆತು ಆತು” ಅಂದೆ.

ಡಬ್ಬಿ ಹಿಡಿದು ಹೋದೆ. ಸೊಸೈಟಿಯ ಕಂಪ್ಯೂಟರ್ ಕೋಣೆ ತಂಪು. ಕಿಟಕಿಗೆ ಪರದೆ, ಮೇಲೆ ಫ್ಯಾನು, ದುಂಬಿಯ ಹಾಗೆ ಗುಂಯ್ಗುಡುವ ಯಂತ್ರ. ಕರಿ ಗಾಜಿನ ಮೇಲೆ ಹಸಿರು ಅಕ್ಷರಗಳು, ಎರಿ ಹೊಲದಲ್ಲಿ ಕಡಲೆ ಮೊಳೆತ ಹಾಗೆ.

“ಯಾವ ಭಾಷಾ ಇದು?”

“ಸಿ ಅಂತಾರ ಯವ್ವಾ.”

ಒಂದೇ ಅಕ್ಷರದ ಭಾಷೆ! ಎರಡನೇ ಇಯತ್ತೆಗೆ ಸಾಲೆ ಬಿಟ್ಟ ನನಗೆ ಇದು ಮೊದಲೇ ಸಿಗಬೇಕಿತ್ತು. ಕುರ್ಚಿಯಲ್ಲಿ ಕೂತಲ್ಲೇ ಕಣ್ಣು ಎಳೆಯಿತು. ಮೊಳಕೆಗಳು ಗಾಜಿನಿಂದ ಇಳಿದು ನೆಲದ ತುಂಬ ಹಬ್ಬಿದವು. ನಾನು ಬುತ್ತಿ ಹೊತ್ತು ಅವುಗಳ ನಡುವೆ ಹೋಗುತ್ತಿದ್ದೆ, ಕಾಲು ಮಾತ್ರ ಮಣ್ಣಿಗೆ ತಾಗುತ್ತಿರಲಿಲ್ಲ.

“ಹಾಳಾಗ್ಲಿ ಇದು!” ಎಂದು ಶಾಂತಾ ಮೇಜು ಬಡಿದಳು. ಹೊಲ ಮಾಯವಾಯಿತು. ಅವೇ ತೂಕ ಕೊಟ್ಟರೂ ಒಮ್ಮೆ ಸರಿ ಉತ್ತರ, ಇನ್ನೊಮ್ಮೆ ಇಡೀ ತಾಲೂಕಿನ ಮೆಣಸಿನಕಾಯಿ ಒಂದೇ ಚಕ್ಕಡಿಯಲ್ಲಿ ಬಂದಷ್ಟು.

“ಯಂತ್ರ ಏನೂ ಹೇಳೂದಿಲ್ಲೇನು?”

“ಹೇಳತೈತಿ. ಕೂಡಿಸಿದ್ದು ಇಡಾಕ ‘ಮೊತ್ತ’ ಅಂತ ಒಂದು ಜಾಗಾ ಮಾಡೀನಿ, ಅದರಾಗ ಮೊದಲ ಏನೂ ಇಡದ ಬಳಸಾಕತ್ತೀ ಅಂತೈತಿ. ಅದು ತಪ್ಪಲ್ಲ ಬೇ, ಬರೇ ಎಚ್ಚರಿಕೆ. ಹೇಳತೈತಿ, ಮತ್ತ ಓಡತೈತಿ.”

“ನನ್ನಂಗ.”

“ಏನೂ ಇಡದಿದ್ರ ಖಾಲಿ ಇರತೈತಿ. ಖಾಲಿ ಮ್ಯಾಲ ಕೂಡಿಸಿದ್ರ ಏನಾಗತೈತಿ?” ಎಂದು ಗೊಣಗುತ್ತ ಡಬ್ಬಿ ತೆರೆದು, ತಳದಿಂದ ಒಂದು ಚಮಚ ತೆಗೆದು ಬಾಯಿಗಿಟ್ಟಳು. ಕೆಮ್ಮು ಹತ್ತಿತು, ಕಣ್ಣು ಕೆಂಪಾದವು.

“ಯವ್ವಾ! ಹುಗ್ಗಿಗೆ ಖಾರಪುಡಿ ಹಾಕೀ ಏನ?”

ಕೆದಕಿ ನೋಡಿದೆ. ತಳದಲ್ಲಿ ಕೆಂಪು. ನಮ್ಮ ಕಡೆ ಯಾರ ಡಬ್ಬಿಯನ್ನೂ ಬರಿದು ಮಾಡಿ ತಿರುಗಿ ಕೊಡುವುದಿಲ್ಲ. ಚನ್ನವ್ವ ಹೊಸ ಖಾರಪುಡಿ ಒಂದು ಹಿಡಿ ಹಾಕಿ ಕೊಟ್ಟಿದ್ದಳು.

“ಖಾಲಿ ಐತಿ ಅಂತ ತಿಳದಿದ್ದೆ” ಅಂದೆ.

ಶಾಂತಾ ನೀರು ತುಂಬಿದ ಕಣ್ಣಿಂದ ನನ್ನನ್ನು ನೋಡಿದಳು, ಯಂತ್ರವನ್ನು ನೋಡಿದಳು. “ನಾನೂ ಹಂಗ ತಿಳದಿದ್ದೆ ಬೇ! ಹಿಂದ ಆ ಜಾಗಾದಾಗ ಏನಿತ್ತೋ ಅದ ಉಳದೈತಿ!” ಮೂಗು ಒರೆಸಿಕೊಂಡು ‘ಮೊತ್ತ’ದಲ್ಲಿ ಮೊದಲು ಸೊನ್ನೆ ಇಟ್ಟಳು. ಯಂತ್ರ ಎಚ್ಚರಿಕೆ ಹೇಳುವುದನ್ನು ಬಿಟ್ಟಿತು.

ಸಂಜೆ ಸೆಕ್ರೆಟರಿ ತಾನೂ ಬೆರಳು ಮಡಚಿ ಕೂಡಿಸಿ ನೋಡಿದ. ಯಂತ್ರ ಹೇಳಿದ್ದೇ ಬಂತು. “ಕಾಯಂ ಆತಲ್ಲರಿ, ಮತ್ತ್ಯಾಕ ಕಣ್ಣೀರು?” ಅಂದ. ಹುಗ್ಗಿಯ ಸುದ್ದಿ ನಾವಿಬ್ಬರೂ ಎತ್ತಲಿಲ್ಲ.

ಮರುದಿನ ಮುಂಜಾನೆ, ನಮ್ಮಲ್ಲಿ ಉಳಿದಿದ್ದ ಚನ್ನವ್ವನ ಬಟ್ಟಲು ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು ನೋಡಿ ಒಯ್ದು ಕೊಟ್ಟೆ. ಆಕೆ ಒಳಗೆ ಇಣುಕಿ ಮಾರಿ ಸೊಟ್ಟ ಮಾಡಿದಳು.

“ಬರೇ ಬಟ್ಟಲ ತಂದೀ ಏನ ಯಕ್ಕಾ?”

“ಬರೇ ಅಲ್ಲ, ಸೊನ್ನಿ ಹಾಕಿ ತಂದೀನಿ.”

ಮಾತು ಗೆದ್ದ ಖುಷಿಗೆ ಸೆರಗು ಕೊಡವಿ ತಿರುಗಿದೆ. “ಜ್ವಾಕಿ, ಬಾಗಲಾ ಗಿಡ್ಡ ಐತಿ” ಅಂದಳು.

“ಆತು ಆತು” ಅಂದೆ. ಹಣೆ ಬಡಿಯಿತು.