ಭಾವನ ಕೀಬೋರ್ಡು, ನನ್ನ ಚೌಕಾಸಿ

ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಆರುವುದರೊಳಗೆ ‘ಒಪ್ಪಿಗೆ’ ಎಂದು ಹೇಳಿ ಎದ್ದುಬಂದ ಮನುಷ್ಯ, ಒಂದು ಕೀಬೋರ್ಡು ಆರಿಸಲು ಹದಿನಾಲ್ಕು ತಿಂಗಳು ತೆಗೆದುಕೊಂಡ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಆ ಮನುಷ್ಯ ನಮ್ಮ ಭಾವ. ನನ್ನ ಹೆಂಡತಿಯ ಅಕ್ಕನ ಗಂಡ. ಸಂಬಂಧದ ಪ್ರಕಾರ ನನಗೆ ಷಡ್ಡಕರು. ಆದರೆ ಹೆಂಡತಿ ‘ಭಾವ’ ಎನ್ನುತ್ತಾಳೆ, ಹೆಂಡತಿ ಅಂದದ್ದನ್ನೇ ನಾನೂ ಅನ್ನುವುದು ನಮ್ಮ ಮನೆಯ ಪದ್ಧತಿ.

ಭಾವನದು ಕೋರ್ಟಿನ ಎದುರು ಆರಡಿ ಅಗಲದ ಟೈಪಿಂಗ್ ಅಂಗಡಿ. ಅಫಿಡವಿಟ್, ಬಾಡಿಗೆ ಕರಾರು, ವಿಭಾಗ ಪತ್ರ, ಮೂವತ್ತು ವರ್ಷ ಇದೇ ಕೆಲಸ. ಅವರು ಕೀಗಳನ್ನು ನೋಡುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ. ಎದುರು ಕೂತ ಕಕ್ಷಿದಾರನ ಮುಖ ನೋಡುತ್ತಾ ಟೈಪು ಮಾಡುತ್ತಿದ್ದರು. “ಸುಳ್ಳು ಹೇಳೋವಾಗ ಜನ ನಿಧಾನ ಆಗ್ತಾರೆ ಕಣ್ರೀ. ಆಗ ನಾನೊಂದು ಗುಟುಕು ಕಾಫಿ ಕುಡಿದುಬಿಡ್ತೀನಿ” ಎನ್ನುತ್ತಿದ್ದರು. ದಿನಕ್ಕೆ ಎಂಟು ಲೋಟ ಕಾಫಿ ಆಗುತ್ತಿತ್ತು. ಕೋರ್ಟಿನ ಎದುರು ಇನ್ನೇನಾಗುತ್ತೆ?

ಇಂಥವರ ಬಲಗೈಯ ಕೊನೆಯ ಎರಡು ಬೆರಳು ಒಂದು ದಿನ ಜೋಮು ಹಿಡಿದವು. ಹಿಡಿದ ಜೋಮು ಬಿಡಲೇ ಇಲ್ಲ. ಡಾಕ್ಟರು ನೋಡಿ, ಇದು ನರದ ತೊಂದರೆ, ಪೂರ್ತಿ ಸರಿಹೋಗುತ್ತದೆ ಎಂದು ಹೇಳಲಾರೆ, ಕೆಲಸ ಕಡಿಮೆ ಮಾಡಿ ಎಂದರು. ಭಾವ ಆ ಮಾತನ್ನು ಅಲ್ಲೇ ಬಿಟ್ಟುಬಂದರು. “ಬೆರಳು ಬದಲಾಯಿಸೋಕಾಗಲ್ಲ, ಕೀಬೋರ್ಡು ಬದಲಾಯಿಸಬಹುದಲ್ಲ!” ಮುಟ್ಟಿದರೆ ಸಾಕು ಇಳಿಯುವಷ್ಟು ಹಗುರವಾಗಿರಬೇಕು. ಆದರೆ ಇಳಿದದ್ದು ಬೆರಳಿಗೆ ತಿಳಿಯಬೇಕು. ಅಂಥದ್ದು ಸಿಕ್ಕರೆ ಕುರ್ಚಿಯಲ್ಲಿ ಇನ್ನೂ ಹತ್ತು ವರ್ಷ, ಸಿಗದಿದ್ದರೆ ಅಂಗಡಿಗೆ ಬೀಗ. ಅವರ ಪಾಲಿಗೆ ವಿಷಯ ಇಷ್ಟೇ ಇತ್ತು.

ಇಷ್ಟು ಸರಳವಾದದ್ದಕ್ಕೆ ಹದಿನಾಲ್ಕು ತಿಂಗಳು ಯಾಕೆ ಬೇಕಾಯಿತು ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದೊಂದು ದೊಡ್ಡ ಪ್ರಪಂಚ! ಗೇಮ್ ಆಡುವವರು, ದಿನವೆಲ್ಲ ಟೈಪು ಮಾಡುವವರು ಕೀಬೋರ್ಡನ್ನು ಬಿಡಿಬಿಡಿಯಾಗಿ ತರಿಸಿ ತಾವೇ ಕೂಡಿಸುತ್ತಾರಂತೆ. ಪ್ರತಿ ಕೀಯ ಕೆಳಗೂ ಒಂದು ಸ್ವಿಚ್ಚು, ಸ್ವಿಚ್ಚಿನೊಳಗೊಂದು ಸ್ಪ್ರಿಂಗು, ಸ್ಪ್ರಿಂಗಿಗೆ ಕುಂಚದಲ್ಲಿ ಗ್ರೀಸು. ಕೆಸರೆಯಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಸ್ವಿಚ್ಚು ಎಂದರೆ ಒತ್ತಿದರೆ ದೀಪ ಹತ್ತಬೇಕು ಎಂದು ತಿಳಿದ ಮನುಷ್ಯ ನಾನು. “ಭಾವ, ಒಂದು ಡಜನ್ ತಗೊಂಡ್ರೆ ಹೋಲ್‌ಸೇಲ್ ರೇಟಲ್ಲಿ ಕೊಡ್ತೀನಿ ಬುಡಿ” ಎಂದೆ. ಅವರು ನಗಲಿಲ್ಲ.

ಸ್ವಿಚ್ಚುಗಳ ಮಾದರಿ ಎಂದು ಒಂದು ಪುಟ್ಟ ಹಲಗೆ ತರಿಸಿಕೊಂಡರು. ಅಂಗೈ ಅಗಲ, ಮೇಲೆ ಒಂಬತ್ತು ಕೀ. ಒಂದೊಂದೂ ಒಂದೊಂದು ಬಗೆ. ಆ ಹಲಗೆ ಅವರ ಜೇಬಿನಿಂದ ಇಳಿಯಲೇ ಇಲ್ಲ. ಸಿಟಿ ಬಸ್ಸಿನಲ್ಲಿ ಒತ್ತುತ್ತಿದ್ದರು. ಮದುವೆ ಮನೆಯಲ್ಲಿ ಧಾರೆಯ ಹೊತ್ತಿಗೆ ಒತ್ತುತ್ತಿದ್ದರು. ದೂರದ ನೆಂಟರೊಬ್ಬರ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ಕೂತು, ಪಕ್ಕದವರಿಗೆ “ಕಣ್ಣು ಮುಚ್ಚಿ ಇದನ್ನ ಒತ್ತಿ, ಈಗ ಇದನ್ನ. ಯಾವುದು ಹಗುರ?” ಎಂದು ಪರೀಕ್ಷೆ ಇಟ್ಟರು. ಹಲಗೆ ಸಾಲಿನುದ್ದಕ್ಕೂ ಹೋಗಿ ಕೋಸಂಬರಿಯ ಜೊತೆ ವಾಪಸು ಬಂತು. ನಮ್ಮ ಅತ್ತೆ ಮಾತ್ರ ಒಂಬತ್ತನ್ನೂ ಒತ್ತಿ ನೋಡಿ, “ಅಳಿಯಂದಿರೇ, ಎಲ್ಲಾ ಒಂದೇ. ಹಿಂದಿನ ದಿನದ ಇಡ್ಲಿ ಒತ್ತಿದ ಹಾಗಿದೆ” ಎಂದು ತೀರ್ಪು ಕೊಟ್ಟರು.

ಬಾಯಿಮಾತಿನ ಸಾಕ್ಷಿ ಅವರಿಗೆ ಸಾಲದು. ಒಂದು ರೂಪಾಯಿ ನಾಣ್ಯಗಳನ್ನು ಕೀಯ ಮೇಲೆ ಒಂದರ ಮೇಲೊಂದು ಪೇರಿಸಿ, ಎಷ್ಟಕ್ಕೆ ಕೀ ಇಳಿಯುತ್ತದೆ ಎಂದು ನೋಡುವ ವಿದ್ಯೆ ಕಲಿತರು. ಒಂದು ಹದಿನೈದು ನಾಣ್ಯಕ್ಕೆ ಇಳಿಯಿತು, ಇನ್ನೊಂದು ಹನ್ನೆರಡಕ್ಕೆ. ಭಾವ ತಲೆಯಾಡಿಸಿದರು. “ಸಾಹುಕಾರ್ರೇ, ನನ್ನ ಕಿರುಬೆರಳಿಗೆ ಒಂಬತ್ತು ರೂಪಾಯಿ ತಾಕತ್ತು ಉಳಿದಿದೆ. ಅದಕ್ಕಿಂತ ಭಾರ ಎತ್ತಲ್ಲ.” ಅಂಗಡಿ ಇಟ್ಟ ದಿನದಿಂದ ನಾನು ಅವರ ಬಾಯಲ್ಲಿ ಸಾಹುಕಾರ. ಆ ಮಾತಿಗೆ ನಾನು ಜೋರಾಗಿ ನಕ್ಕುಬಿಟ್ಟೆ. ಈಗ ನೆನೆದರೆ ಆ ನಗು ನನಗೇ ಚುಚ್ಚುತ್ತದೆ.

ಇನ್ನು ಗೇಮಿನ ಕಥೆ. ಹೊಸ ಸ್ವಿಚ್ಚು ಬಂದಾಗಲೆಲ್ಲ ಪರೀಕ್ಷೆಗೆಂದು ಭಾವ ಬಂದೂಕಿನ ಗೇಮ್ ಆಡುತ್ತಿದ್ದರು. ಐವತ್ತೆಂಟನೇ ವಯಸ್ಸಿನಲ್ಲಿ! ಯಾಕೆ ಭಾವ ಎಂದು ಕೇಳಿದ್ದಕ್ಕೆ, “ಅರ್ಜೀಲಿ ಬೆರಳು ತಡ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ ಕಣ್ರೀ. ಇಲ್ಲಿ ತಡ ಮಾಡಿದ್ರೆ ಸತ್ತೇ ಹೋಗ್ತೀವಿ. ಇದು ನಿಯತ್ತಿನ ಪರೀಕ್ಷೆ” ಎಂದರು. ಕೋರ್ಟಿಗೆ ಊಟದ ಬಿಡುವು ಬಿಟ್ಟಾಗ ಅವರ ಯುದ್ಧ ಶುರು. ಒಂದು ದಿನ ಒಬ್ಬ ಲಾಯರ್ ಗುಮಾಸ್ತ ಬಂದು “ಸಾರ್, ಅಫಿಡವಿಟ್ ರೆಡಿನಾ?” ಎಂದ. ಭಾವ ತಿರುಗಿಯೂ ನೋಡದೆ, “ಇರಪ್ಪಾ, ಇನ್ನೊಬ್ಬನ್ನ ಕೊಂದು ಬಂದ್ಬುಡ್ತೀನಿ” ಎಂದರು. ಆಗ ಬಾಗಿಲಲ್ಲಿ ನಿಂತಿದ್ದವರು ಇಬ್ಬರು ಪೊಲೀಸರು!

ಕೀಗಳ ಮೇಲೆ ಅಕ್ಷರವೇ ಇರಬಾರದು ಎಂಬುದು ಅವರ ಮುಂದಿನ ಹಟ. ಬೋಳು ಕೀ. ಅಕ್ಷರ ಇಲ್ಲದ್ದಕ್ಕೆ ಅಕ್ಷರ ಇರುವುದಕ್ಕಿಂತ ಜಾಸ್ತಿ ಬೆಲೆ! ನನ್ನ ವ್ಯಾಪಾರದ ರಕ್ತ ಕುದಿಯಿತು. “ಅಕ್ಷರ ಕಂಡ್ರೆ ಕಣ್ಣು ಕೆಳಕ್ಕೆ ಹೋಗುತ್ತೆ. ಕಣ್ಣು ಹೋದ್ರೆ ಬೆರಳು ಇನ್ನೂ ಸೋಮಾರಿ ಆಗುತ್ತೆ” ಎಂದು ಅವರು ವಿವರಿಸಿದರು. ನಾನು ಒಳ್ಳೆಯ ಉಪಾಯ ಮಾಡಿದೆ. ನಮ್ಮಂಗಡಿಯ ಉಪ್ಪುಕಾಗದ ತಂದು, ಸಾದಾ ಕೀಬೋರ್ಡಿನ ಅಕ್ಷರಗಳನ್ನು ನಾನೇ ಉಜ್ಜಿ ಅಳಿಸಿಕೊಟ್ಟೆ. ಕೀಗಳು ತುರಿಯುವ ಮಣೆಯಂತಾದವು. ಭಾವ ಎರಡು ದಿನ ಟೈಪು ಮಾಡಿದರು. ಸರಿಯಿದ್ದ ಎಂಟು ಬೆರಳೂ ಉರಿಯಲು ಶುರುವಾಯಿತು. ಜೋಮು ಹಿಡಿದ ಎರಡು ಮಾತ್ರ ಏನೂ ದೂರಲಿಲ್ಲ!

ಹೀಗೇ ಹುಡುಕುತ್ತಾ ಹುಡುಕುತ್ತಾ ಶ್ರೀರಾಂಪುರದಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ ಸಿಕ್ಕರು. ಕೀಬೋರ್ಡು ಕೂಡಿಸುವುದು ಆಕೆಯ ಹವ್ಯಾಸ. ಹಲ್ಲು ಕೆದಕುವ ಕಡ್ಡಿಯಲ್ಲೇ ಸ್ವಿಚ್ಚುಗಳಿಗೆ ಗ್ರೀಸು ಹಚ್ಚುತ್ತಾರಂತೆ. (ಬೇರೆ ಕಡ್ಡಿ ಇರಬೇಕು. ನಾನು ಕೇಳಲಿಲ್ಲ.) ತಮಗೆಂದು ಮಾಡಿಕೊಂಡಿದ್ದ ಒಂದನ್ನು ಮಾರುತ್ತಿದ್ದರು. ಒಂಬತ್ತು ನಾಣ್ಯಕ್ಕೆ ಇಳಿಯುವ ಸ್ಪ್ರಿಂಗು, ಇಳಿಯುವಾಗ ಸಣ್ಣದೊಂದು ತಡೆ, ಬೋಳು ಕೀ. ಹದಿನೆಂಟು ಸಾವಿರ.

ಇಲ್ಲಿಂದ ಮುಂದೆ ಬರೆಯಲು ನನಗೆ ಇಷ್ಟವಿಲ್ಲ. ಆದರೂ ಬರೆಯುತ್ತೇನೆ.

ನಮ್ಮ ನೆಂಟರಿಷ್ಟರಲ್ಲಿ ಯಾರೂ ನನ್ನನ್ನು ಬಿಟ್ಟು ವ್ಯಾಪಾರಕ್ಕೆ ಹೋಗುವುದಿಲ್ಲ. ಸೀರೆಗೂ ನಾನೇ, ಸೈಟಿಗೂ ನಾನೇ. ಬರಿಗೈಯಲ್ಲಿ ಹಳ್ಳಿಯಿಂದ ಬಂದು, ಪೈಪು ಹೊತ್ತು, ಅಂಗಡಿ ಮಾಡಿದವನು. ಹೇಳಿದ ಬೆಲೆಗೆ ಒಂದು ಮೊಳೆಯನ್ನೂ ಕೊಂಡವನಲ್ಲ. ಕೇಳದಿದ್ದರೂ ಹೇಳುತ್ತೇನೆ, ನನ್ನ ಸೂತ್ರ ಎರಡೇ. ಒಂದು, ವಸ್ತು ಹಿಡಿಸಿತೆಂದು ಮುಖದಲ್ಲಿ ತೋರಿಸಬಾರದು. ಎರಡು, ಎದ್ದು ಹೊರಟುಬಿಡಬೇಕು. ಚಪ್ಪಲಿ ನಿಧಾನವಾಗಿ ಮೆಟ್ಟಬೇಕು. ಗೇಟು ದಾಟುವುದರೊಳಗೆ ಕರೆಯುತ್ತಾರೆ. ಅಲ್ಲಿ ಕರೆಯದಿದ್ದರೆ ರಸ್ತೆ ತಿರುವಿನಲ್ಲಿ ಕರೆಯುತ್ತಾರೆ. ಕರೆದೇ ಕರೆಯುತ್ತಾರೆ.

ಆಟೋದಲ್ಲಿ ಭಾವನಿಗೆ ದಾರಿಯುದ್ದಕ್ಕೂ ತಾಲೀಮು ಕೊಟ್ಟೆ. “ಮುಖ ಗಂಟು ಹಾಕ್ಕೊಂಡಿರಿ. ಏನಾದರೊಂದು ಹುಳುಕು ಹೇಳಿ.” ಅವರು ಒಳ್ಳೆಯ ವಿದ್ಯಾರ್ಥಿಯಂತೆ ಹುಬ್ಬು ಗಂಟಿಕ್ಕಿಕೊಂಡೇ ಒಳಗೆ ಬಂದರು. ಕುರ್ಚಿಯಲ್ಲಿ ಕೂತರು, ಕೀಗಳ ಮೇಲೆ ಕೈಯಿಟ್ಟರು. ಡಾಕ್ಟರಮ್ಮನ ಮುಖ ನೋಡುತ್ತಾ ‘ಆದ ನಾನು ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ’ ಎಂದು ಹೊಡೆದರು. ಹೊಡೆಯುತ್ತಾ ಹೋದರು. ಒಂದು ಪ್ಯಾರಾ, ಎರಡು ಪ್ಯಾರಾ. ನಿಲ್ಲಿಸಿ, ತಮ್ಮ ಬಲಗೈಯನ್ನು ಮೇಲೆತ್ತಿ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಗಂಟು ಹಾಕಿದ್ದ ಹುಬ್ಬು ಯಾವಾಗಲೋ ಬಿಚ್ಚಿಹೋಗಿತ್ತು. “ಬೆರಳಿಗೆ ಗೊತ್ತಾಗ್ತಿದೆ ಕಣ್ರೀ!” ಎಂದರು.

ನನಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ವ್ಯಾಪಾರ ಕೆಡಿಸಿಬಿಟ್ಟರಲ್ಲ!

“ಹನ್ನೆರಡಕ್ಕೆ ಮಾಡ್ಕೊಳಿ ಡಾಕ್ಟ್ರೇ” ಎಂದೆ.

“ಇಲ್ಲ ಸಾರ್, ಹದಿನೆಂಟೇ. ಇನ್ನೊಬ್ಬರೂ ಕೇಳಿದಾರೆ.”

“ಎಲ್ಲರಿಗೂ ಇನ್ನೊಬ್ಬರು ಇದ್ದೇ ಇರ್ತಾರೆ ಬುಡಿ” ಎಂದು ನಕ್ಕು, ಭಾವನ ಮೊಣಕೈ ಹಿಡಿದು ಎಬ್ಬಿಸಿದೆ. “ಬೇಡಮ್ಮ, ನಮಗೆ ಅಷ್ಟೇನೂ ಹಿಡಿಸಲಿಲ್ಲ.”

ಭಾವ ಕೀಬೋರ್ಡನ್ನೇ ನೋಡುತ್ತಾ ಎದ್ದರು. ಚಪ್ಪಲಿ ನಿಧಾನವಾಗಿ ಮೆಟ್ಟಿದೆವು. ಗೇಟು ದಾಟಿದೆವು. ತಿರುವಿನಲ್ಲಿ ಎಳನೀರಿನ ಗಾಡಿ ಇತ್ತು. ಒಂದೊಂದು ಎಳನೀರು ಕುಡಿದೆವು. ಗಂಜಿ ಕೆರೆಸಿ ತಿಂದೆವು. ನನ್ನ ಫೋನು ಕೈಯಲ್ಲೇ ಇತ್ತು.

“ಹೋಗಿ ಕೊಟ್ಟುಬಿಡೋಣ್ವೇನ್ರೀ? ದುಡ್ಡು ತಂದಿದೀನಿ” ಎಂದರು ಭಾವ. ಹದಿನೆಂಟೂ ಜೇಬಿನಲ್ಲಿತ್ತು.

“ಸುಮ್ನಿರಿ ಭಾವ. ಈಗ ಹೋದ್ರೆ ಸೋತಂಗೆ.”

ಮುಕ್ಕಾಲು ಗಂಟೆಯಾದ ಮೇಲೆ ನಾನೇ ಸೋತು ಹಿಂದಕ್ಕೆ ಹೋದೆ. ಡಾಕ್ಟರಮ್ಮ ಬಾಗಿಲಿಗೆ ಬಂದರು. ನಾವು ಹೊರಟ ಮೇಲೆ ಆ ಇನ್ನೊಬ್ಬರು ಫೋನ್ ಮಾಡಿ ದುಡ್ಡು ಹಾಕಿದರಂತೆ. ಪುಣೆಯವರಂತೆ.

“ನೀವು ಬೇಡ ಅಂದ್ರಲ್ಲ ಸಾರ್?”

“ಬೇಡ ಅಂದ್ರೆ ಬೇಡ ಅಂತ ಅಲ್ಲಮ್ಮಾ!”

“ಮತ್ತೆ?” ಎಂದು ಕೇಳಿದರು. ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಅಂಥದ್ದೇ ಇನ್ನೊಂದು ಮಾಡಿಕೊಡಿ, ಇಪ್ಪತ್ತೈದು ಸಾವಿರವಾದರೂ ಸರಿ ಎಂದೆ. ಬೆಲೆ ಏರಿಸಿ ಮಾತಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆ ಸ್ಪ್ರಿಂಗು ಈಗ ಬರುತ್ತಿಲ್ಲ, ಆದರೂ ಪ್ರಯತ್ನ ಮಾಡುತ್ತೇನೆ ಎಂದರು. ವಾಪಸು ಬರುವಾಗ ಆಟೋದಲ್ಲಿ ಭಾವ “ಇರಲಿ ಬಿಡಿ. ನೀವು ನನಗೋಸ್ಕರ ತಾನೇ ಜಗ್ಗಾಡಿದ್ದು” ಎಂದರು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಬೈಗುಳವನ್ನು ತಗ್ಗಿಸಲು ನನಗೆ ಬರುತ್ತದೆ. ಈ ಮಾತನ್ನು ಹೇಗೆ ತಗ್ಗಿಸುವುದು?

ಡಾಕ್ಟರಮ್ಮ ಮಾತಿಗೆ ತಪ್ಪಲಿಲ್ಲ. ಐದು ತಿಂಗಳಾದ ಮೇಲೆ ಬೇರೆ ಸ್ಪ್ರಿಂಗು ಹಾಕಿ ಒಂದು ಮಾಡಿಕೊಟ್ಟರು. ಕೇಳಿದ್ದಕ್ಕೆ ಒಂದು ರೂಪಾಯಿ ಕಡಿಮೆ ಮಾಡದೆ ಕೊಟ್ಟು ತಂದೆ. ಕೀಬೋರ್ಡು ಹಗುರವಾಗಿಯೇ ಇತ್ತು. ಆದರೆ ಆ ಐದು ತಿಂಗಳು ಭಾವ ಹಳೆಯ ಗಟ್ಟಿ ಕೀಗಳನ್ನೇ ಗುದ್ದಿ ಗುದ್ದಿ, ಮೂರನೆಯ ಬೆರಳಿಗೂ ಜೋಮು ಹತ್ತಿತ್ತು. ಒಂದು ಮಧ್ಯಾಹ್ನ ಹೊಸದರಲ್ಲೇ ಹೊಡೆದ ಒಬ್ಬ ಅಜ್ಜಿಯ ಅಫಿಡವಿಟ್ಟಿನಲ್ಲಿ ಸರ್ವೆ ನಂಬರಿನ ಒಂದು ಅಂಕೆ ಬೀಳದೆ ಹೋಯಿತು. ಒತ್ತಿದೆ ಎಂದೇ ಅವರು ತಿಳಿದಿದ್ದರು. ಅಜ್ಜಿ ಟಿ. ನರಸೀಪುರದಿಂದ ಮತ್ತೆ ಬಸ್ಸು ಹತ್ತಿ ಬರಬೇಕಾಯಿತು. ಭಾವ ಅದನ್ನು ಬಿಟ್ಟಿಯಾಗಿ ತಿದ್ದಿಕೊಟ್ಟು, ಬಸ್ ಚಾರ್ಜನ್ನೂ ಕೊಟ್ಟು, ಆ ತಿಂಗಳ ಕೊನೆಗೆ ಅಂಗಡಿಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿಬಿಟ್ಟರು.

ಮೊದಲನೆಯದು ಕೈಗೆ ಬಂದಿದ್ದರೆ ಬೆರಳು ಉಳಿಯುತ್ತಿತ್ತೇ? ಭಾವನ ಕೈ ನೋಡಿದ್ದ ಡಾಕ್ಟರನ್ನು ಕೇಳಿದೆ. “ಹಾಗೆ ಹೇಳಕ್ಕಾಗಲ್ಲ” ಎಂದರು. ಉಳಿಯುತ್ತಿರಲಿಲ್ಲ ಎಂದು ಮಾತ್ರ ಹೇಳಲಿಲ್ಲ. ನಾನು ಇನ್ನೂ ಎರಡು ಸಲ ಬೇರೆ ಬೇರೆ ರೀತಿಯಲ್ಲಿ ಕೇಳಿ ನೋಡಿದೆ.

ಕಳೆದ ಭಾನುವಾರ ಬೆಳಿಗ್ಗೆ ಒಂಟಿಕೊಪ್ಪಲಿನ ಅವರ ಮನೆಗೆ ಹೋಗಿದ್ದೆ. ನನ್ನ ಗೋಡೌನಿನ ಬಾಡಿಗೆ ಕರಾರು ಆಗಬೇಕಿತ್ತು. ಹೊರಗೆ ಮಾಡಿಸಬಹುದಿತ್ತು, ಮನಸ್ಸು ಬರಲಿಲ್ಲ. ಭಾವ ಕಂಪ್ಯೂಟರಿನ ಮುಂದೆ ನನ್ನನ್ನೇ ಕೂರಿಸಿ, “ನಾನು ಹೇಳ್ತೀನಿ, ನೀವು ಹೊಡೀರಿ” ಎಂದರು. ನಾನು ಒಂದೇ ಬೆರಳಲ್ಲಿ, ಕೋಳಿ ಕಾಳು ಕುಕ್ಕಿದ ಹಾಗೆ ಕುಕ್ಕತೊಡಗಿದೆ. ಅಕ್ಷರವಿಲ್ಲದ ಕೀಗಳಲ್ಲಿ ಯಾವುದು ಯಾವುದೋ! ಮೂರು ಸಾಲಿಗೆ ಅರ್ಧ ಗಂಟೆಯಾಯಿತು.

“ಅಯ್ಯೋ ಸಾಹುಕಾರ್ರೇ, ಹಂಗಲ್ಲ” ಎಂದು ಅವರು ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತರು. ನನ್ನ ಬೆರಳುಗಳನ್ನು ಒಂದೊಂದಾಗಿ ಅವುಗಳ ಜಾಗದಲ್ಲಿ ಕೂರಿಸಿದರು. ಆಮೇಲೆ ತಮ್ಮ ಬೆರಳುಗಳನ್ನು ನನ್ನ ಬೆರಳುಗಳ ಮೇಲೆ ಇಟ್ಟರು. ತಣ್ಣಗಿದ್ದವು. ಬಾಯಲ್ಲಿ ಅಕ್ಷರ ಹೇಳುತ್ತಾ ಒಂದೊಂದನ್ನೇ ಅದುಮಿದರು, ಕೊನೆಗೆ ಕಿರುಬೆರಳನ್ನು.

“ಒತ್ತಿದ್ನಾ?” ಎಂದು ಕೇಳಿದರು.

ನಾನು ಪರದೆ ನೋಡಲಿಲ್ಲ.

“ಒತ್ತಿದ್ರಿ ಭಾವ” ಎಂದೆ.

“ಸರಿ, ಮುಂದಿನ ಸಾಲು” ಎಂದರು. ಕೈ ತೆಗೆಯಲಿಲ್ಲ.